ಗೋಡೆಯ ಮೇಲಿನ ಜೋಗ

ಜೆ.ಪಿ. ನಗರದ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಹೋಮದ ಹೊಗೆ ಇನ್ನೂ ಹಾಲಿನಲ್ಲಿ ಸುಳಿಯುತ್ತಿತ್ತು. ಅರಿಶಿನ ಕುಂಕುಮ ಕೊಟ್ಟು ಮುಗಿಯುತ್ತಲೇ ಮನೆಯೊಡತಿ ನಮ್ಮನ್ನೆಲ್ಲ ಮನೆ ತೋರಿಸಲು ಕರೆದೊಯ್ದಳು. ಈ ಮೆರವಣಿಗೆ ಹೊಸದೇನಲ್ಲ. ಹಿಂದೆ ಮೊದಲು ದೇವರ ಮನೆ, ಆಮೇಲೆ ಅಡಿಗೆಮನೆಯ ಗ್ರಾನೈಟ್ ಕಟ್ಟೆ, ಕೊನೆಗೆ ಟೆರೇಸಿನ ನೀರಿನ ಟ್ಯಾಂಕು ತೋರಿಸುತ್ತಿದ್ದರು. ಈಗ ಮೊದಲು ತೋರಿಸುವುದು ಒಂದು ಗೋಡೆಯನ್ನು. ಆ ಮನೆಯಲ್ಲಿ ಟೀವಿಯ ಹಿಂದೆ ನೆಲದಿಂದ ಚಾವಣಿಯವರೆಗೆ ಬಿದಿರಿನ ಕಾಡು ಎದ್ದು ನಿಂತಿತ್ತು. ನಡುವೆ ಒಂದು ಕಾಲುದಾರಿ, ಅದರ ತುದಿಯಲ್ಲಿ ಮಂಜು. "ಮುಟ್ಟಿ ನೋಡಿ, ಪರವಾಗಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಬಹುದು" ಎಂದಳು. ಒಬ್ಬೊಬ್ಬರಾಗಿ ಎಲ್ಲರೂ ಮುಟ್ಟಿದೆವು. ರೇಷ್ಮೆ ಸೀರೆಯುಟ್ಟ ಏಳೆಂಟು ಹೆಂಗಸರು ಸಾಲಾಗಿ ನಿಂತು ಕಾಗದದ ಬಿದಿರನ್ನು ಸವರುವ ದೃಶ್ಯ ನೋಡಿ ನನಗೆ ನಗು ಬಂತು. ಆದರೆ ನಗುವ ಹಕ್ಕು ನನಗಿರಲಿಲ್ಲ. ನನ್ನ ಮನೆಯಲ್ಲಿ ಜೋಗ ಜಲಪಾತವೇ ಇದೆ. ಅದರ ಕತೆ ಹೇಳುತ್ತೇನೆ.

ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಲೇಔಟ್ ಕಡೆಯ ಮನೆಗಳಿಗೆ ಹೋದರೆ ಇಂಥ ಗೋಡೆಗಳನ್ನು ನೀವೂ ನೋಡಿರುತ್ತೀರಿ. ಮಕ್ಕಳ ಕೋಣೆಯಲ್ಲಿ ಜಿರಾಫೆ, ಮಲಗುವ ಕೋಣೆಯಲ್ಲಿ ಸಮುದ್ರ, ಊಟದ ಮೇಜಿನ ಬಳಿ ಹಿಮಬೆಟ್ಟ. ಬಿಟಿಎಂ ಎಂಬ ಮೂರಕ್ಷರದ ನಡುವೆ ತಾವರೆಕೆರೆ ಎಂಬ ಊರಿನ ಹೆಸರು ಅಡಗಿದೆ. ಆ ಬಡಾವಣೆಯ ನನ್ನ ಗೆಳತಿಯೊಬ್ಬಳ ಹಾಲಿನ ಗೋಡೆಯಲ್ಲಿ ತಾವರೆಕೊಳ ಅರಳಿದೆ. ಅವಳಿಗೆ ಇದನ್ನು ಹೇಳಿದಾಗ "ಅಯ್ಯೋ ಹೌದಲ್ಲೇ!" ಎಂದು ಬೆರಗಾದಳು. ನಾನಿರುವ ಬನಶಂಕರಿಯ ಹೆಸರು ಬಂದಿರುವುದು ಕನಕಪುರ ರಸ್ತೆಯ ದೇವಸ್ಥಾನದಿಂದ. ಬನ ಎಂದರೆ ಕಾಡು, ಅವಳು ಬನದ ದೇವಿ. ನಾವು ಅವಳ ನೆರಳಿನಲ್ಲಿ ಕುಳಿತು ಕಾಡನ್ನು ಚದರ ಅಡಿಯ ಲೆಕ್ಕದಲ್ಲಿ ಕೊಳ್ಳುತ್ತಿದ್ದೇವೆ.

ಸೀನರಿಯ ಹುಚ್ಚು ನಮಗೆ ಇಂದು ನಿನ್ನೆಯದಲ್ಲ. ನಮ್ಮ ತಂದೆತಾಯಿಯರ ಕಾಲದ ಫೋಟೋ ನೆನಪು ಮಾಡಿಕೊಳ್ಳಿ. ಸ್ಟುಡಿಯೋದವನು ಹಿಂದೆ ಇಳಿಬಿಡುತ್ತಿದ್ದ ಪರದೆಯಲ್ಲಿ ಕೊಳ, ಸೇತುವೆ, ತೆಂಗಿನ ಮರ, ಎಲ್ಲೋ ಒಂದು ಚಂದ್ರ. ಬರಿಗಾಲಿನ ಹಳ್ಳಿಯ ದಂಪತಿ ಆ ಕೊಳದ ಮುಂದೆ ಬಿಗಿದುಕೊಂಡು ನಿಂತಿರುತ್ತಿದ್ದರು. ಆಮೇಲೆ ಕ್ಷೌರದಂಗಡಿಯಲ್ಲಿ, ಹೋಟೆಲಿನ ಕ್ಯಾಶ್ ಕೌಂಟರಿನ ಹಿಂದೆ ಬಂದದ್ದು ಸ್ವಿಟ್ಜರ್‌ಲೆಂಡಿನ ಪೋಸ್ಟರು: ಹಸಿರು ಹುಲ್ಲು, ಕೆಂಪು ಮಾಡಿನ ಮನೆ, ನೀಲಿ ಸರೋವರ. ಅದರ ಕೆಳಗೆ ಕುಳಿತು ಮಸಾಲೆ ದೋಸೆ ತಿಂದು ಬೆಳೆದವರು ನಾವು. ಆಗ ಅದೊಂದು ಚೌಕಟ್ಟಿನ ಚಿತ್ರವಾಗಿತ್ತು. ಗೋಡೆ ಗೋಡೆಯಾಗಿಯೇ ಇರುತ್ತಿತ್ತು, ಚಿತ್ರ ಅದರ ಮೇಲೆ ನೇತಾಡುತ್ತಿತ್ತು. ಈಗ ಚಿತ್ರ ಗೋಡೆಯನ್ನೇ ನುಂಗಿದೆ. ಇದೇ ವ್ಯತ್ಯಾಸ.

ಇಡೀ ಗೋಡೆಗೆ ದೃಶ್ಯ ಅಂಟಿಸುವ ಈ ಗೀಳು ಹುಟ್ಟಿದ್ದು ಯುರೋಪಿನ ಸಿರಿವಂತರ ಮನೆಗಳಲ್ಲಿ. ಫ್ರಾನ್ಸಿನ ರಿಕ್ಸ್‌ಹೈಮ್ ಎಂಬ ಊರಿನ ಜ್ಯೂಬರ್ ಕಾರ್ಖಾನೆ 1807ರಲ್ಲಿ 'ಹಿಂದೂಸ್ತಾನ್' ಎಂಬ ಗೋಡೆ ಕಾಗದವನ್ನು ಹೊರತಂದಿತು. ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ ನಮ್ಮ ದೇಶ ಸುತ್ತಿ ಬರೆದ ಚಿತ್ರಗಳನ್ನು ನೋಡಿಕೊಂಡು, ನೂರಾರು ಮರದ ಅಚ್ಚುಗಳಿಂದ ಒಂದೊಂದೇ ಬಣ್ಣವನ್ನು ಕೈಯಲ್ಲಿ ಒತ್ತಿ ಮಾಡಿದ್ದು. ನಾವು ಸ್ವಿಟ್ಜರ್‌ಲೆಂಡನ್ನು ಅಂಟಿಸಿಕೊಳ್ಳುವ ಎಷ್ಟೋ ಮುಂಚೆ ಅವರು ನಮ್ಮ ಗುಡಿ, ಆನೆ, ಆಲದ ಮರಗಳನ್ನು ಅಂಟಿಸಿಕೊಂಡಿದ್ದರು! ಅದೇ ಕಾರ್ಖಾನೆ 1834ರಲ್ಲಿ ಅಮೆರಿಕದ ದೃಶ್ಯಗಳನ್ನು ಅಚ್ಚು ಹಾಕಿತು. ಅದರ ಒಂದು ಪ್ರತಿಯನ್ನು ಮೇರಿಲ್ಯಾಂಡಿನಲ್ಲಿ ಕೆಡವಲಿದ್ದ ಹಳೆಯ ಮನೆಯೊಂದರಿಂದ ಬಿಡಿಸಿ ತಂದು, 1961ರಲ್ಲಿ ಜಾಕ್ವೆಲಿನ್ ಕೆನಡಿಯವರ ಕಾಲದಲ್ಲಿ ಅಮೆರಿಕದ ಶ್ವೇತಭವನದ ಕೋಣೆಯೊಂದಕ್ಕೆ ಅಂಟಿಸಿದರು. ನೂರಾರು ವರ್ಷ ಬಾಳುವ ಕೆಲಸ ಅದು. ನಮ್ಮದು ಕಂಪ್ಯೂಟರಿನ ಪ್ರಿಂಟು. ಬೆಳಿಗ್ಗೆ ಆರ್ಡರ್ ಕೊಟ್ಟರೆ ವಾರದೊಳಗೆ ಕಾಡು ಮನೆಗೆ ಬರುತ್ತದೆ.

ಅಂಗಡಿಗೆ ಹೋದವರಿಗೆ ಗೊತ್ತು, ಅಲ್ಲಿ ಕ್ಯಾಟಲಾಗೇ ದೇವರು. ಇಪ್ಪತ್ತೊಂದು ಇಂಚು ಅಗಲ, ಮೂವತ್ಮೂರು ಅಡಿ ಉದ್ದದ ಸಿದ್ಧ ರೋಲಿನಲ್ಲಿ 57 ಚದರ ಅಡಿ ಕಾಗದವಿರುತ್ತದೆ. ಅದರಲ್ಲಿ ಎಲೆ, ಬಳ್ಳಿ, ಇಟ್ಟಿಗೆಯ ವಿನ್ಯಾಸಗಳು. ಸೀನರಿ ಬೇಕೆಂದರೆ ಗೋಡೆಯ ಅಳತೆ ಕೊಟ್ಟು ಬೇರೆಯಾಗಿ ಪ್ರಿಂಟ್ ಹಾಕಿಸಬೇಕು. ಅಂಗಡಿಯ ಹುಡುಗ ನನ್ನ ಮುಂದೆ ಒಂದಾದ ಮೇಲೊಂದು ತೆರೆದ: ಬಿಳಿ ಕಾಂಡದ ಬರ್ಚ್ ಮರಗಳು, ಜಪಾನಿನ ಚೆರ್ರಿ ಹೂ, ದೊಡ್ಡ ದೊಡ್ಡ ಎಲೆಯ 'ಟ್ರಾಪಿಕಲ್'. "ಇದು ಈಗ ತುಂಬಾ ಓಡ್ತಾ ಇದೆ ಮೇಡಂ" ಎಂದ. ಹೊಂಗೆ ಇದೆಯೇ, ಅತ್ತಿ ಇದೆಯೇ, ಹುಣಿಸೆ ಇದೆಯೇ ಎಂದು ಕೇಳಿದೆ. ಅವನು ನನ್ನನ್ನು ಕನಿಕರದಿಂದ ನೋಡಿದ.

ನನ್ನ ಮೊದಲ ತಕರಾರು ಇದು. ಈ ಪ್ರಕೃತಿಗೆ ಊರಿಲ್ಲ. ಚೆರ್ರಿ ಹೂವಿಗೆ ಬಾಯಿ ಬಿಡುವ ನಾವು ವರ್ಷದ ಮೊದಲ ತಿಂಗಳುಗಳಲ್ಲಿ ಜಯನಗರದ ರಸ್ತೆಗಳಲ್ಲಿ ತಲೆಯೆತ್ತಿ ನೋಡಿದರೆ ಸಾಕು, ತಬೂಬಿಯಾ ಎಲೆಯುದುರಿಸಿ ಮೈತುಂಬ ಗುಲಾಬಿ ಹೊದ್ದು ನಿಂತಿರುತ್ತದೆ. ಅದೂ ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಮರವೇ, ಒಪ್ಪುತ್ತೇನೆ. ಆದರೆ ಬಂದು ನಮ್ಮ ಮಣ್ಣಿನಲ್ಲಿ ಬೇರುಬಿಟ್ಟಿತು, ನಮ್ಮ ಬಿಸಿಲು ಕುಡಿಯಿತು, ಸ್ಕೂಟರಿನ ಸೀಟಿನ ಮೇಲೆ ಹೂ ಉದುರಿಸಿತು. ಸೊಸೆಯಾಗಿ ಬಂದು ಮನೆಯವಳೇ ಆದ ಹಾಗೆ.

ಎರಡನೆಯ ತಕರಾರು ಊರಿನ ಮೇಲೆಯೇ. 2009ರಲ್ಲಿ ಮೆಟ್ರೋಗಾಗಿ ನಂದಾ ರಸ್ತೆಯ ಮರಗಳಿಗೆ, ಲಾಲ್‌ಬಾಗಿನ ಅಂಚಿಗೆ ಕೊಡಲಿ ಬಿದ್ದಾಗ 'ಹಸಿರು ಉಸಿರು' ಬಳಗದವರೂ ಜಯನಗರದ ನಿವಾಸಿಗಳೂ ರಸ್ತೆಯಲ್ಲಿ ನಿಂತು ಪ್ರತಿಭಟಿಸಿದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಮಹಾನಗರ ಪಾಲಿಕೆಯವರು ನಗರದ ಕಾಂಪೌಂಡ್ ಗೋಡೆಗಳ ಮೇಲೆಲ್ಲ ಕಾಡು, ಹುಲಿ, ಜಲಪಾತ, ಹಂಪೆಯ ಚಿತ್ರಗಳನ್ನು ಬರೆಸಿದರು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದರಿಗೆ ಅದರಿಂದ ನಾಲ್ಕು ಕಾಸು ಸಿಕ್ಕಿತು, ಅದು ಒಳ್ಳೆಯದೇ. ಆದರೆ ರಸ್ತೆಯ ಮರ ಹೋಗಿ ಗೋಡೆಗೆ ಮರ ಬಂದದ್ದನ್ನು ಬಸ್ಸಿನ ಕಿಟಕಿಯಿಂದ ನೋಡುತ್ತ ನಾನು ಮುಖ ಸಿಂಡರಿಸಿದ್ದೆ. ಅದೇ ಕೆಲಸವನ್ನು ನಮ್ಮ ಮನೆಯೊಳಗೆ ನಾವೇ ಮಾಡುತ್ತೇವೆಂದು ಆಗ ಅಂದುಕೊಂಡಿರಲಿಲ್ಲ.

ನಮ್ಮದು ಬನಶಂಕರಿ ಎರಡನೆಯ ಹಂತದಲ್ಲಿ ಮೂವತ್ತು ನಲವತ್ತರ ಸೈಟಿನ ಮನೆ. ನಮ್ಮತ್ತೆ ಸಾಗರ ಸೀಮೆಯವರು, ದೀವರ ಮನೆತನದವರು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಬಂದರು. ಅವರಿಗೆಂದು ಕೊಟ್ಟದ್ದು ಹಿಂದಿನ ಕೋಣೆ. ಅದಕ್ಕೆ ಪೂರ್ವಕ್ಕೊಂದು ಕಿಟಕಿ. ಆಚೆ ಮನೆಯ ಹಿತ್ತಲಲ್ಲಿ ಸಂಪಿಗೆ ಮರವಿತ್ತು. ಬೆಳಿಗ್ಗೆ ಆ ಕಿಟಕಿಯಿಂದ ಬಿಸಿಲು ಬಂದು ಎದುರಿನ ಗೋಡೆಯ ಮೇಲೆ ಬೀಳುತ್ತಿತ್ತು, ಸರಳುಗಳ ನೆರಳಿನ ಸಮೇತ. ಹೊತ್ತೇರಿದಂತೆ ಆ ಚೌಕ ಗೋಡೆಯಿಂದ ಇಳಿದು ಇಳಿದು ನೆಲಕ್ಕೆ ಬರುತ್ತಿತ್ತು. ಅತ್ತೆಗೆ ಅದೇ ಗಡಿಯಾರ. "ಬಿಸ್ಲು ಕ್ಯಾಲೆಂಡರ್ ದಾಟ್ತು, ಕಾಫಿ ಆಯ್ತನೇ?" ಎಂದು ಕೂಗುತ್ತಿದ್ದರು. ಮಂಚದ ಕಾಲಿಗೆ ಬಂದರೆ ಸ್ನಾನದ ಹೊತ್ತು.

2021ರಲ್ಲಿ ಪಕ್ಕದ ಮನೆ ಮಾರಾಟವಾಗಿ, ಮರ ಹೋಗಿ, ಆರೇಳು ತಿಂಗಳಲ್ಲಿ ಅಲ್ಲಿ ನಾಲ್ಕು ಅಂತಸ್ತು ಎದ್ದಿತು. ಬಿಡಬೇಕಾದ ಜಾಗ ಬಿಟ್ಟಿಲ್ಲ ಎಂದು ನಾವು ಗೊಣಗಿದೆವು, ಗೊಣಗಿ ಸುಮ್ಮನಾದೆವು. ಕಿಟಕಿ ತೆರೆದರೆ ಮೂರಡಿ ದೂರದಲ್ಲಿ ಗಾರೆ ಗೋಡೆ, ಅದರ ಮೇಲೆ ಯಾರದೋ ಬಚ್ಚಲಿನ ಪೈಪು. ಮಧ್ಯಾಹ್ನಕ್ಕೂ ಟ್ಯೂಬ್‌ಲೈಟು. ಅತ್ತೆ ಮಂಕಾದರು. ಮಗನಿಗೆ ಅದು ನೋಡಲಾಗಲಿಲ್ಲ. ತಾಯಿಗೆ ಅಚ್ಚರಿ ಕೊಡಬೇಕೆಂದು, ಅವರನ್ನು ಮಗಳ ಮನೆಗೆ ನಾಲ್ಕು ದಿನ ಕಳಿಸಿ, ಬಿಸಿಲು ಬೀಳುತ್ತಿದ್ದ ಆ ಗೋಡೆಗೇ ಜೋಗದ ದೊಡ್ಡ ಚಿತ್ರ ಅಂಟಿಸಿದರು. ರಾಜ, ರೋರರ್, ರಾಕೆಟ್, ರಾಣಿ ನಾಲ್ಕೂ ತುಂಬಿ ಸುರಿಯುತ್ತಿರುವ ಚಿತ್ರ. ಹತ್ತು ಸಾವಿರದ ಹತ್ತಿರ ಖರ್ಚಾಯಿತು. ಆ ಪ್ರೀತಿಯ ಬಗ್ಗೆ ನನ್ನದು ಎರಡು ಮಾತಿಲ್ಲ.

ಅತ್ತೆ ಬಂದು ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹತ್ತಿರ ಹೋಗಿ, "ಇದು ಆಷಾಢದ ನೀರು" ಎಂದರು. ಅಷ್ಟೇ. ನಮಗೆ ಖುಷಿಯಾಯಿತು, ಗುರುತು ಹಿಡಿದರಲ್ಲ ಎಂದು. ಅವರು ಹೇಳಿದ್ದು ಏನೆಂದು ನನಗೆ ಅರ್ಥವಾದದ್ದು ತಿಂಗಳುಗಳ ಮೇಲೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಜೋಗ ಹಾಗೆ ತುಂಬಿ ಧುಮುಕುವುದು ಮಳೆಗಾಲದಲ್ಲಿ ಮಾತ್ರ. ಬೇಸಗೆಯಲ್ಲಿ ಕಪ್ಪು ಬಂಡೆಯ ಮೇಲೆ ನಾಲ್ಕೆಳೆ ದಾರದಂತೆ ನೀರು. ಅತ್ತೆಯ ತವರುಮನೆ ಅದೇ ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ್ದು. ಆ ಹೊಳೆಯ ತಿಂಗಳು ತಿಂಗಳ ಬಣ್ಣ ಬಲ್ಲವರು ಅವರು. ಗೋಡೆಯಲ್ಲಿ ಮಾತ್ರ ಸಂಕ್ರಾಂತಿಗೂ ಆಷಾಢ, ಯುಗಾದಿಗೂ ಆಷಾಢ. ಬೆಳಿಗ್ಗೆಯೂ ಅದೇ ಬೆಳಕು, ರಾತ್ರಿಯೂ ಅದೇ.

ಕ್ರಮೇಣ ಅವರಿಗೆ ಹೊತ್ತು ತಪ್ಪತೊಡಗಿತು. ಸಂಜೆ ಮಲಗಿ ಎದ್ದವರು ಬೆಳಗಾಯಿತೆಂದು ಹಲ್ಲುಜ್ಜಲು ಹೋಗುವರು. ನಡುರಾತ್ರಿ ಎರಡಕ್ಕೆ "ಕಾಫಿ ಆಯ್ತನೇ?" ಮಳೆ ಬರುತ್ತಿದೆ, ಒಣಗಿದ ಬಟ್ಟೆ ಒಳಗೆ ತನ್ನಿ ಎಂದು ಮಾರ್ಚಿ ತಿಂಗಳಲ್ಲಿ ಗಾಬರಿ. ವಯಸ್ಸಾಯಿತು ಎಂದುಕೊಂಡೆವು, ವಯಸ್ಸೂ ಆಗಿತ್ತು. ಡಾಕ್ಟರು ಮಾತ್ರೆಗಳ ಪಟ್ಟಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು, ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ಅವರು ಮಲಗುವ ಕೋಣೆಗೆ ಹಗಲಿನ ಬೆಳಕು ಬರುತ್ತದೆಯೇ?" ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೇ ಮೆದುಳಿನೊಳಗಿನ ಗಡಿಯಾರ ಸರಿಹೊಂದುವುದು, ಮುದುಕರಲ್ಲಿ ಅದು ಬೇಗ ತಪ್ಪುತ್ತದೆ ಎಂದು ವಿವರಿಸಿದರು. ನಾನು ಜೋಗದ ವಿಷಯ ಹೇಳಲಿಲ್ಲ. ನಾಚಿಕೆಯಾಯಿತು.

ಅಂದಿನಿಂದ ಈ ವಿಷಯ ಎಲ್ಲಿ ಸಿಕ್ಕರೂ ಓದುತ್ತೇನೆ. ರೋಜರ್ ಅಲ್ರಿಚ್ ಎಂಬಾತ 1984ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಪ್ರಸಿದ್ಧ. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆ ತೆಗೆದು ನೋಡಿದ. ಅರ್ಧ ಜನರ ಕಿಟಕಿಗೆ ಮರಗಳು ಕಾಣುತ್ತಿದ್ದವು, ಇನ್ನರ್ಧಕ್ಕೆ ಇಟ್ಟಿಗೆ ಗೋಡೆ. ಮರ ಕಾಣುತ್ತಿದ್ದವರು ಸರಾಸರಿ ಮುಕ್ಕಾಲು ದಿನ ಮುಂಚೆ ಮನೆಗೆ ಹೋದರು, ಬಿರುಸಾದ ನೋವಿನ ಮದ್ದನ್ನೂ ಕಡಿಮೆ ಬೇಡಿದರು. ನನ್ನನ್ನು ಹೆಚ್ಚು ಕಲಕಿದ್ದು 2008ರಲ್ಲಿ ಬಂದ ಇನ್ನೊಂದು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೀಟರ್ ಕಾನ್ ಮತ್ತು ಜೊತೆಯವರು ಜನರನ್ನು ಸ್ವಲ್ಪ ಒತ್ತಡಕ್ಕೆ ದೂಡಿ, ಮೂರು ಬಗೆಯಲ್ಲಿ ಕೂರಿಸಿದರು: ಮರ ಕಾಣುವ ಗಾಜಿನ ಕಿಟಕಿಯ ಮುಂದೆ, ಅದೇ ಮರಗಳನ್ನು ತೋರಿಸುವ ದೊಡ್ಡ ಟೀವಿ ಪರದೆಯ ಮುಂದೆ, ಬರಿಗೋಡೆಯ ಮುಂದೆ. ಕಿಟಕಿಯ ಮುಂದೆ ಕುಳಿತವರ ಎದೆಬಡಿತ ಬೇಗ ಹತೋಟಿಗೆ ಬಂತು. ಟೀವಿಯ ಮರಗಳಿಗೂ ಬರಿಗೋಡೆಗೂ ವ್ಯತ್ಯಾಸವೇ ಕಾಣಲಿಲ್ಲ! ಚಲಿಸುವ ಚಿತ್ರದ ಗತಿಯೇ ಹೀಗಾದರೆ ಅಂಟಿಸಿದ ಕಾಗದದ ಪಾಡೇನು? ಚಿತ್ರದಿಂದ ಮನಸ್ಸಿಗೆ ಏನೂ ಇಲ್ಲವೆಂದು ನಾನು ಹೇಳಲಾರೆ. ದೇವರ ಪಟದ ಮುಂದೆ ದಿನಾ ಕೈ ಮುಗಿಯುವವಳು ನಾನು. ಚಿತ್ರವನ್ನು ಕಿಟಕಿಯ ಬದಲಿಗೆ ಇಟ್ಟದ್ದು ತಪ್ಪು.

ಅತ್ತೆಗೆ ಗೋಡೆಯ ಚಿತ್ರ ಹೊಸತೇನಲ್ಲ. ಅವರ ಕಡೆ ಮದುವೆಯ ಮನೆಯಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಗೋಡೆಗೆ ಕೆಮ್ಮಣ್ಣು ಬಳಿದು, ನೆನೆಸಿದ ಅಕ್ಕಿ ರುಬ್ಬಿ ಬಿಳಿ, ಅಕ್ಕಿ ಹುರಿದು ಕರಿಯಾಗಿಸಿ ಕಪ್ಪು, ಗುರಿಗೆ ಕಾಯಿಯಿಂದ ಹಳದಿ, ಪುಂಡಿ ನಾರಿನ ಕುಂಚ. ಹೆಂಗಸರೇ ಬರೆಯುವುದು, ಹಾಡು ಹೇಳಿಕೊಂಡು. ದಂಡಿಗೆ, ಮದುಮಕ್ಕಳು, ಹಕ್ಕಿ, ಭತ್ತದ ತೆನೆ. ಭೂಮಿ ಹುಣ್ಣಿಮೆ ಬಂದರೆ ಬುಟ್ಟಿಗೂ ಚಿತ್ತಾರ. ಅತ್ತೆಯ ಕೈ ಈಗ ನಡುಗುತ್ತದೆ, ಆದರೆ ಕಣ್ಣು ಬಲು ಚುರುಕು. ಒಂದು ದಿನ ನನ್ನನ್ನು ಕೂರಿಸಿಕೊಂಡು ಹೇಳಿದರು: "ಹಸೆ ಗ್ವಾಡೆ ನೋಡಿದ್ರೆ ಯಾರ ಮದ್ವಿ, ಯಾರು ಬರದ್ರು ಅಂತ ಹೇಳ್ಬೌದಿತ್ತು. ಇದನ್ನ ಯಾರು ಬರದ್ರೇ ಮಾರಾಯ್ತಿ?" ಪ್ರಿಂಟ್ ಅತ್ತೆ, ಮಿಶನ್ನಿನಲ್ಲಿ ಎಂದೆ. "ಹಂಗಾರೆ ಅಳಿಸಿ ಮತ್ತೆ ಬರಿಯಾಕೆ ಆಗಲ್ಲ ಅನ್ನು" ಎಂದರು. ಮದುವೆಗೆ ಬರೆದದ್ದು ವರ್ಷ ಕಳೆದಂತೆ ಮಾಸುತ್ತದೆ, ಮುಂದಿನ ಮದುವೆಗೆ ಮತ್ತೆ ಕೆಮ್ಮಣ್ಣು. ಮಾಸದಿರುವುದೇ ನಮ್ಮ ಕಾಗದದ ಜಾಹೀರಾತು. ವಿಮರ್ಶಕರ ಪುಸ್ತಕಗಳನ್ನು ನಾನು ಅಷ್ಟಿಷ್ಟು ಓದಿದ್ದೇನೆ. ಅತ್ತೆಯ ಈ ಎರಡು ವಾಕ್ಯದಷ್ಟು ನೇರವಾಗಿ ಯಾರೂ ನನಗೆ ಚಿತ್ರದ ಬಗ್ಗೆ ಹೇಳಿಕೊಟ್ಟಿಲ್ಲ.

ಇನ್ನು ನನ್ನ ಪಾಲಿನದನ್ನೂ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಬೆಳಕಿನ ಕಿಟಕಿ ಇಲ್ಲದಿರಲಿಲ್ಲ. ಮುಂದಿನ ಹಾಲಿಗೆ ದೊಡ್ಡ ಕಿಟಕಿಯಿದೆ, ಅದರಾಚೆ ರಸ್ತೆ ಬದಿಯ ಹೊಂಗೆ ಮರವಿದೆ. ಆ ಕಿಟಕಿಯಡಿ ಸೋಫಾ ಸೆಟ್ಟಿತ್ತು. ಅತ್ತೆಯ ಮಂಚವನ್ನು ಅಲ್ಲಿಗೆ ತರೋಣ ಎಂದು ಮನೆಯವರು ಒಮ್ಮೆ ಅಂದದ್ದುಂಟು. ಬಂದವರ ಕಣ್ಣಿಗೆ ಮೊದಲು ಮುದುಕಿಯ ಮಂಚ, ಔಷಧಿ ಬಾಟಲಿ, ಉಗುಳುವ ಬಟ್ಟಲು ಬೀಳಬೇಕೆ ಎಂದು ಬೇಡವೆಂದವಳು ನಾನೇ. ಹಾಗೆ ಬಾಯಿಬಿಟ್ಟು ಹೇಳಲಿಲ್ಲ; ಹಾಲಿನಲ್ಲಿ ಗದ್ದಲ, ನಿದ್ದೆ ಬರುವುದಿಲ್ಲ ಎಂದೆ. ಆಮೇಲೆ ಬಂದದ್ದು ಜೋಗ.

ಬಾಡಿಗೆ ಮನೆಯಲ್ಲಿದ್ದು, ಮಾಲೀಕರ ಗೋಡೆಯ ಕಲೆ ಮುಚ್ಚಲು ನಾಲ್ಕು ಎಲೆ ಅಂಟಿಸಿಕೊಳ್ಳುವವರನ್ನು ನಾನು ಆಡಿಕೊಳ್ಳುವುದಿಲ್ಲ. ಮಕ್ಕಳ ಕೋಣೆಗೆ ಕಾಡು ಬಂದರೆ ಮಕ್ಕಳು ಅದರೊಳಗೆ ಹೊಕ್ಕು ಆಡುತ್ತಾರೆ, ಅವರಿಗೆ ಆ ಶಕ್ತಿಯಿದೆ. ಬಿದಿರು ಅಂಟಿಸಿದ ಜೆ.ಪಿ. ನಗರದ ಗೆಳತಿಗೆ ನಾನು ಹೇಳಿದ್ದು ಇಷ್ಟೇ: ಏಳನೆಯ ಫೇಸಿನಲ್ಲಿ ಪುಟ್ಟೇನಹಳ್ಳಿ ಕೆರೆಯಿದೆ, 2010ರಲ್ಲಿ ಅಕ್ಕಪಕ್ಕದ ನಿವಾಸಿಗಳೇ ಟ್ರಸ್ಟ್ ಕಟ್ಟಿಕೊಂಡು ಉಳಿಸಿಕೊಂಡದ್ದು, ನಿನ್ನ ಬಾಲ್ಕನಿಯಿಂದ ಹತ್ತು ನಿಮಿಷದ ನಡಿಗೆ, ಅತ್ತೆ ಮಾವನನ್ನು ಸಂಜೆ ಕರೆದುಕೊಂಡು ಹೋಗು. ಅವಳು ಆಗಲಿ ಎಂದಿದ್ದಾಳೆ.

ನಮ್ಮ ಮನೆಯಲ್ಲಿ ಹೋದ ವರ್ಷ ಯುಗಾದಿಯ ಹಿಂದಿನ ದಿನ ಮಂಚ ಹಾಲಿಗೆ ಬಂತು. ಸೋಫಾ ಜೋಗದ ಕೋಣೆಗೆ ಹೋಯಿತು. ಹೊಂಗೆ ಆಗ ತಿಳಿಹಸಿರು ಚಿಗುರಿ ನಿಂತಿತ್ತು, ಆಮೇಲೆ ಹೂಬಿಟ್ಟು ರಸ್ತೆಯ ಮೇಲೆಲ್ಲ ಅರಳು ಚೆಲ್ಲಿದಂತೆ ಉದುರಿಸಿತು. ಅತ್ತೆಯ ಮರೆವು ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ರಾತ್ರಿ ಎರಡಕ್ಕೆ ಕಾಫಿ ಕೇಳುವುದು ಅಪರೂಪವಾಗಿದೆ. ಬೀದಿಯಲ್ಲಿ ಸೊಪ್ಪಿನವಳು ಬಂದದ್ದು, ಸ್ಕೂಲ್ ವ್ಯಾನು ಬಾರದ್ದು, ಎದುರು ಮನೆಯವರು ಗೇಟು ಹಾಕದೆ ಹೋದದ್ದು, ಎಲ್ಲ ವರದಿ ನನಗೆ ಅಡಿಗೆಮನೆಗೇ ಬರುತ್ತದೆ. ಬಂದ ನೆಂಟರು ಅವರ ಮಂಚದ ಅಂಚಿನಲ್ಲೇ ಕೂರುತ್ತಾರೆ.

ಈ ಮಳೆಗಾಲದಲ್ಲಿ ಜೋಗದ ಗೋಡೆಯಲ್ಲಿ ರಾಣಿಯ ಪಕ್ಕ ಕಾಗದ ಉಬ್ಬಿತು. ಬೆರಳಲ್ಲಿ ಒತ್ತಿದರೆ ಬೊಬ್ಬೆಯಂತೆ ಮೆತ್ತಗೆ. ಅಂಗಡಿಯ ಹುಡುಗ ಬಂದು ಅಂಚು ಕಿತ್ತು ನೋಡಿದ. ಹಿಂದೆ ಕಪ್ಪು ಬೂಷ್ಟು. ಗೋಡೆಯ ಒಳಗಿರುವ ಬಚ್ಚಲಿನ ಪೈಪು ಜಿನುಗುತ್ತಿದೆ, ವಿನೈಲ್ ಕಾಗದ ತೇವವನ್ನು ಹೊರಗೆ ಬಿಡುವುದಿಲ್ಲ, ಪೂರ್ತಿ ಬಿಡಿಸಿ ಪೈಪು ಸರಿ ಮಾಡಿಸಿ ಒಣಗಿಸದೆ ಬೇರೆ ದಾರಿಯಿಲ್ಲ ಎಂದ. ಹಾಲಿಗೆ ಬಂದು ಅತ್ತೆಗೆ ಹೇಳಿದೆ, ರಾಣಿ ಹತ್ತಿರ ಗೋಡೆಗೆ ನೀರು ಬಂದಿದೆಯಂತೆ ಅತ್ತೆ, ಎಂದು. ಅವರು ಹೊಂಗೆಯ ಕಡೆಯಿಂದ ಮುಖ ತಿರುಗಿಸಿ, "ಕಡಿಗೂ ಬಂತಾ!" ಎಂದು ಬೊಚ್ಚುಬಾಯಿ ತೆರೆದು ನಕ್ಕರು. ಸೋಮವಾರ ಪ್ಲಂಬರು ಬರುತ್ತೇನೆಂದಿದ್ದಾನೆ.